ಉಸಿರಾಡಿದ ಗುಂಡುಕಲ್ಲು

ನೀಲಗಂಗಾ ಹಂಚಿನಾಳಳಿಗೆ ಸಿಟ್ಟು ಬಂದರೆ ಧಾರವಾಡದ ಕೆರೆಗಳು ಕುದಿಯುತ್ತಿದ್ದವು ಎಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಅವರ ಹಣೆಬರಹ. ಸೂಕ್ಷ್ಮಯಂತ್ರ ಸಂಸ್ಥೆಯಲ್ಲಿ ಒಂದು ದಿನ ಕೆಲಸ ಮಾಡಿದ ಯಾರನ್ನಾದರೂ ಕೇಳಲಿ. ಆಕೆ ನೆಲಮಹಡಿಯಲ್ಲಿ ಒಂದು ಮಾತು ಜೋರಾಗಿ ಆಡಿದರೆ ಮೂರನೇ ಮಹಡಿಯ ಕಿಟಕಿಗಳು ಬೆವರುತ್ತಿದ್ದವು, ಕ್ಯಾಂಟೀನಿನ ಹಾಲು ಒಲೆಗೆ ಹತ್ತುವ ಮೊದಲೇ ಉಕ್ಕುತ್ತಿತ್ತು, ರಜೆಯ ಮೇಲಿದ್ದವರು ಮನೆಯಲ್ಲಿ ಕುಳಿತಲ್ಲೇ ತಪ್ಪೊಪ್ಪಿಕೊಳ್ಳುತ್ತಿದ್ದರು. ಇಂಥ ಗುಡುಗಿನಂಥ ಹೆಂಗಸು ಮಾಡಿದ್ದು ಮಾತ್ರ ಭೂಮಿಯ ಮೇಲೆ ಯಾರೂ ಮಾಡದಷ್ಟು ನಾಜೂಕಿನ ಯಂತ್ರ.

ಅದರ ಹೆಸರು ಉಸಿರುಮಣಿ. ನೋಡಲು ಕಡಲೆಬೇಳೆಯಷ್ಟು. ಕೂಸಿನ ಎದೆಯ ಮೇಲೆ ಅಂಟಿಸಿದರೆ ಅಲ್ಲೇ ಕುಳಿತು ಉಸಿರು ಎಣಿಸುತ್ತದೆ. ಒಳಗೆ ಸಿಲಿಕಾನಿನಲ್ಲಿ ಕೊರೆದ ಬಾಚಣಿಗೆ. ಹೇನೊಂದು ಅದನ್ನು ಕೊಂಡುಕೊಂಡರೆ ತನ್ನ ಮರಿಯ ಮೀಸೆ ಬಾಚಲೂ ಸಾಲದು, ಅಷ್ಟು ಸಣ್ಣದು. ಕೂಸಿನ ಎದೆ ಏರಿದಾಗ ಈ ಬಾಚಣಿಗೆಯ ಹಲ್ಲುಗಳು ಎದುರಿನ ಹಲ್ಲುಗಳ ನಡುವೆ ಇಷ್ಟೇ ಇಷ್ಟು ಸರಿಯುತ್ತವೆ, ಇಳಿದಾಗ ಹಿಂದೆ ಬರುತ್ತವೆ. ಸರಿದಷ್ಟೂ ನಡುವಿನ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ. ಆ ಏರಿಳಿತ ನಿಂತಿತೋ, ಮಣಿ ಓಣಿಗೆಲ್ಲ ಕೇಳುವಂತೆ ಕಿರುಚುತ್ತದೆ, ಮನೆಯವರ ಫೋನೂ ಅದರ ಜೊತೆ ಕಿರುಚುತ್ತದೆ.

ಇಷ್ಟನ್ನು ಹೊರದೇಶದವರೂ ಮಾಡಿದ್ದರು. ಆದರೆ ಅವರ ಮಣಿ ನಮ್ಮ ಕೂಸುಗಳ ಎದೆಗೇರಿದ ದಿನವೇ ಹುಚ್ಚು ಹಿಡಿದು ಕೂತಿತು. ಯಾಕೆಂದರೆ ಅವರ ಕೂಸುಗಳು ಮಂಚದಲ್ಲಿ ಅಲುಗಾಡದೆ ಮಲಗುತ್ತವೆ, ನಮ್ಮವು ಜೋಲಿಯಲ್ಲಿ ತೂಗುತ್ತವೆ. ಪಾಪದ ಯಂತ್ರಕ್ಕೆ ಜೋಲಿಯ ತೂಗು ಯಾವುದು, ಕೂಸಿನ ಉಸಿರು ಯಾವುದು ತಿಳಿಯಲೇ ಇಲ್ಲ. ನೀಲಗಂಗಾ ಏನು ಮಾಡಿದಳು? ಪಕ್ಕದಲ್ಲಿ ಎರಡನೇ ಬಾಚಣಿಗೆ ಕೂರಿಸಿದಳು. ಅದರ ಕೆಲಸ ಜೋಲಿಯ ತೂಗನ್ನಷ್ಟೇ ಅಳೆಯುವುದು. ಮೊದಲನೆಯದರ ಲೆಕ್ಕದಲ್ಲಿ ಎರಡನೆಯದರ ಲೆಕ್ಕ ಕಳೆದರೆ ಉಳಿಯುವುದು ಕೂಸಿನ ಉಸಿರು. ಈ ಬುದ್ಧಿ ಹೊಳೆದ ದಿನ ಆಕೆ ಖುಷಿಗೆ ಒಂದು ಡಬ್ಬಿ ಪೇಡೆ ಒಬ್ಬಳೇ ತಿಂದಳು, ಹಂಚಲಿಲ್ಲ.

ಮಣಿ ಬಂದಮೇಲೆ ನಾಡು ನಿದ್ದೆ ಹೋಯಿತು. ಹತ್ತು ವರ್ಷದಲ್ಲಿ ಬಾಣಂತಿಯರ ಕಣ್ಣ ಕೆಳಗಿನ ಕಪ್ಪು ಅಳಿಸಿತು. ಜೋಲಿಗೆ ಮೋಟಾರು ಬಂತು, ಹಗ್ಗ ಜಗ್ಗುತ್ತಿದ್ದ ಅಜ್ಜಿಯರು ಧಾರಾವಾಹಿ ನೋಡತೊಡಗಿದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಕೂಸಿನ ವಾರ್ಡಿನ ನರ್ಸುಗಳನ್ನು ಕಡಿಮೆ ಮಾಡಿದರು, ಮಣಿ ಇದೆಯಲ್ಲ ಎಂದು. ಹೋಗಿ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ಮನುಷ್ಯರೇ ನಾಡಿನಲ್ಲಿ ಉಳಿಯಲಿಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬರೋಣ.

ಮಣಿಯ ಬಾಚಣಿಗೆ ಹುಟ್ಟುವುದು ಸಂಸ್ಥೆಯ ಶುದ್ಧಕೋಣೆಯಲ್ಲಿ. ಧೂಳಿನ ಒಂದು ಕಣ ಹಲ್ಲಿಗೆ ಸಿಕ್ಕರೂ ಬಾಚಣಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆ ಕೋಣೆಯ ಗಾಳಿಯ ಮುಂದೆ ಹಿಮಾಲಯದ ಗಾಳಿ ಎಂದರೆ ಹಿಟ್ಟಿನ ಗಿರಣಿ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು. ಅಂಗಿ ತೊಡಿಸುವ ಕೋಣೆಗೆ ಫಕೀರವ್ವ ಒಡತಿ. ಯಾರಾದರೂ ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದರೆ, ದೇಶದ ದೊಡ್ಡ ವಿಜ್ಞಾನಿಯೇ ಇರಲಿ, ಆಕೆ ಕುತ್ತಿಗೆ ಹಿಡಿದು ನಲ್ಲಿಯ ಕೆಳಗೆ ನಿಲ್ಲಿಸುತ್ತಿದ್ದಳು.

ಇಂಥ ಕೋಣೆಗೆ ಸಂಸ್ಥೆಯ ನಿರ್ದೇಶಕ ಡಾ. ಅಕ್ಕಿವಳ್ಳಿಯವರು ಮಂತ್ರಿಯನ್ನು ಕರೆದುಕೊಂಡು ಬಂದರು. ಬರಲಿ, ಮಂತ್ರಿಗೂ ಅಂಗಿ ತೊಡಿಸಬಹುದು. ಆದರೆ ಅಕ್ಕಿವಳ್ಳಿಯವರಿಗೆ ಸನ್ಮಾನದ ಚಟ. ಬೇರೆಯವರು ಚಹಾ ಕುಡಿಯುವಷ್ಟು ಸಲ ಅವರು ಸನ್ಮಾನ ಮಾಡುತ್ತಿದ್ದರು. ಪೋಸ್ಟ್‌ಮನ್ನನಿಗೂ ಒಮ್ಮೆ ಶಾಲು ಹೊದಿಸಿದ್ದರು, ರಿಜಿಸ್ಟರ್ಡ್ ಪತ್ರ ತಂದನೆಂದು. ಅವತ್ತು ಫೋಟೋದವನು ಶುದ್ಧಕೋಣೆಯ ಹಳದಿ ಬೆಳಕು ನೋಡಿ, “ಸರ್, ಇಲ್ಲೇ ಮಾಡ್ರಿ, ಬಂಗಾರದಂಗ ಬರತೈತಿ” ಎಂದುಬಿಟ್ಟ. ಮಂತ್ರಿ ಹೂಂ ಅಂದರು. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು. ಮೇಲೆ ಗುಲಾಬಿ ಬಣ್ಣದ, ಅಂಚಿಗೆಲ್ಲ ಚಮಕಿ ಬಳಿದ ಪೇಟ ಬಂತು.

ನೀಲಗಂಗಾ ಒಳಗಿನಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. ಟೇಬಲ್ಲಿನ ಮೇಲೆ ಹೊಸ ಬಾಚಣಿಗೆಗಳ ತಟ್ಟೆಗಳು ಮುಚ್ಚಳವಿಲ್ಲದೆ ಬಾಯಿ ತೆರೆದು ಕುಳಿತಿದ್ದವು. ಮುಚ್ಚಳ ಬೆಸೆಯುವ ಕೆಲಸ ಆಗಲೇ ಶುರುವಾಗಬೇಕಿತ್ತು.

“ಸರ್, ಆ ಪೇಟ ಒಳಗ ಬಂದ್ರ ನಾ ಹೊರಗ ಹೋಗ್ತೀನಿ!”

“ಏ, ಒಂದ ನಿಮಿಷದ ಕೆಲಸ ಅದ, ನೀಲಗಂಗಾ ಅವರ. ಸ್ವಲ್ಪ ನಗ್ರಿ. ಫೋಟೋದಾಗ ನೀವೂ ಇರ್ರಿ.”

“ಮೂರು ಲಕ್ಷ ಜೋಡಿ ಬಾಚಣಿಗಿ ಬಾಯಿ ತಕ್ಕೊಂಡು ಕುಂತಾವ್ರಿ!”

“ಕುಂತಿರಲಿ. ಅವೂ ಸನ್ಮಾನ ನೋಡಲಿ.”

ಎಲ್ಲರೂ ನಗುತ್ತ ಆಕೆಯನ್ನು ಸರಿಸಿ ಒಳಗೆ ನಡೆದರು. ಮಂತ್ರಿಯ ತಲೆಗೆ ಪೇಟ ಏರಿತು. ಚಪ್ಪಾಳೆ ಬಿತ್ತು. ಪ್ರತಿ ಚಪ್ಪಾಳೆಗೂ ಚಮಕಿಯ ಪುಡಿ ಹಳದಿ ಬೆಳಕಿನಲ್ಲಿ ಎದ್ದು ಕುಣಿದು ಕೆಳಗಿಳಿಯಿತು. ನೀಲಗಂಗಾ ಅವತ್ತು ಸಿಟ್ಟಿಗೆ ಕಚ್ಚಿದ ಹಲ್ಲಿನ ಸದ್ದನ್ನು ಹುಬ್ಬಳ್ಳಿಯವರು ರೈಲು ಬಂತೆಂದು ತಿಳಿದರಂತೆ.

ಆ ತಟ್ಟೆಗಳನ್ನೆಲ್ಲ ಕಸಕ್ಕೆ ಹಾಕಿ ಎಂದು ಆಕೆ ಬರೆದಳು, ಬಾಯಿಯಿಂದಲೂ ಹೇಳಿದಳು, ಸಭೆಯಲ್ಲಿ ಮೇಜು ಗುದ್ದಿಯೂ ಹೇಳಿದಳು. ಅಕ್ಕಿವಳ್ಳಿಯವರು ಮಣಿಗಳನ್ನು ನಡುಗುವ ಹಲಗೆಯ ಮೇಲಿಟ್ಟು ಪರೀಕ್ಷೆ ಮಾಡಿಸಿದರು. ಎಲ್ಲ ಪಾಸು. ಯಾಕಾಗಬಾರದು? ಆ ಹಲಗೆ ನೋಡುವುದು ಮೊದಲನೇ ಬಾಚಣಿಗೆಯನ್ನಷ್ಟೇ. ಎರಡನೆಯದನ್ನು ಪರೀಕ್ಷಿಸಲು ನೀಲಗಂಗಾ ಪ್ರಯೋಗಶಾಲೆಯ ಮೂಲೆಯಲ್ಲಿ ತನ್ನದೇ ಹಳೆಯ ಇಳಕಲ್ ಸೀರೆಯ ಜೋಲಿ ಕಟ್ಟಿದ್ದಳು. ದೊಡ್ಡವರು ಬಂದಾಗ ಅದು ಬಡವರ ಮನೆಯಂತೆ ಕಾಣುತ್ತದೆ ಎಂದು ಅಕ್ಕಿವಳ್ಳಿಯವರು ಅದನ್ನು ಎಂದೋ ಬಿಚ್ಚಿಸಿದ್ದರು.

ಮಣಿಗಳು ಪೆಟ್ಟಿಗೆ ಸೇರಿದವು, ಪೆಟ್ಟಿಗೆಗಳು ಬೀದರಿನಿಂದ ಚಾಮರಾಜನಗರದವರೆಗೆ ಹೋದವು.

ಕೆಲವು ತಿಂಗಳ ಮೇಲೆ ನೀಲಗಂಗಾಳ ತಮ್ಮನಿಗೆ ಗಂಡುಮಗುವಾಯಿತು. ನಾಮಕರಣ ಹುಬ್ಬಳ್ಳಿಯಲ್ಲಿ, ತಮ್ಮನ ಹೆಂಡತಿ ಸುವರ್ಣಾಳ ತವರಿನಲ್ಲಿ. ಅದೇ ದಿನ ಸಂಸ್ಥೆಯಲ್ಲಿ ಉಸಿರುಮಣಿಗೆ ಬಂದ ದೊಡ್ಡ ಪ್ರಶಸ್ತಿಯ ಸಮಾರಂಭ. ಸೋದರತ್ತೆ ಇಲ್ಲದೆ ಹೆಸರು ಕರೆಯುವವರು ಯಾರು ಎಂದು ನೆಪ ಹೇಳಿ ಆಕೆ ತಪ್ಪಿಸಿಕೊಂಡಳು. ಅಕ್ಕಿವಳ್ಳಿಯವರ ಇನ್ನೊಂದು ಪೇಟ ನೋಡಿದ್ದರೆ ಕೊಲೆಯೇ ಆಗುತ್ತಿತ್ತು.

ಮನೆತುಂಬ ಹೆಂಗಸರು. ತೊಟ್ಟಿಲಿಗೆ ಮೋಟಾರು, ಹೂವಿನ ಸರ. ಪದ್ಧತಿಯಂತೆ ಮೊದಲು ಒರಳಿನ ಗುಂಡುಕಲ್ಲು ತೊಟ್ಟಿಲಿಗೆ ಹೋಗಬೇಕು. ಕಲ್ಲಿಗೆ ಎಣ್ಣೆ ಸವರಿ, ಅಂಗಿ ಸುತ್ತಿ, ತಲೆಗೆ ಕುಂಚಿಗೆ ಕಟ್ಟಿದರು. ಆ ಕಲ್ಲು ಎಷ್ಟು ಚೆಂದ ಕಂಡಿತೆಂದರೆ ಕೂಸಿಗೇ ಹೊಟ್ಟೆಕಿಚ್ಚಾಯಿತು.

“ಗುಂಡಪ್ಪಗೂ ಒಂದು ಮಣಿ ಹಚ್ರೆವಾ!” ಎಂದಳು ಸುವರ್ಣಾಳ ಚಿಕ್ಕವ್ವ. “ಸೋದರತ್ತಿ ಧಾರವಾಡದಿಂದ ಪೆಟಿಗಿ ತುಂಬ ತಂದಾಳ. ಇವನೇನು ಮಲಮಗನ?”

ನೀಲಗಂಗಾ ಅವಸರದಲ್ಲಿ, ಯಾವ ದಿನ ಮಾಡಿದ್ದೆಂದು ನೋಡದೆ, ಕಾಣಿಕೆಯಾಗಿ ತಂದ ಪೆಟ್ಟಿಗೆಯಿಂದ ಒಂದು ಮಣಿ ತೆಗೆದು ಕಲ್ಲಿನ ಎದೆಗೆ ಅಂಟಿಸಿದರು. ತೊಟ್ಟಿಲಿನಲ್ಲಿಟ್ಟು ಮೋಟಾರು ಹಾಕಿದರು. ಸುವರ್ಣಾಳ ಫೋನಿನಲ್ಲಿ ಹಸಿರು ದೀಪ ಹತ್ತಿತು. ಸಕ್ಕರೆಯಂಥ ದನಿ ಹೇಳಿತು: “ಮಗುವಿನ ಉಸಿರಾಟ ಸರಿಯಾಗಿದೆ.”

ಹೆಂಗಸರು ಬಿದ್ದು ಬಿದ್ದು ನಕ್ಕರು. “ಗುಂಡಪ್ಪ ಆರಾಮ ಅದಾನಂತ!” “ಯವ್ವಾ, ಇನ್ನ ಹಾಲಿಗೆ ಅಳತಾನ, ನೋಡ್ರಿ!” “ಇಂಥಾ ಗಟ್ಟಿ ಮಗ ನಮಗೂ ಹುಟ್ಟಬೇಕಿತ್ತು!”

ನೀಲಗಂಗಾ ನಗಲಿಲ್ಲ. ಎದ್ದು ಹೋಗಿ ಮೋಟಾರು ನಿಲ್ಲಿಸಿದಳು. ತೊಟ್ಟಿಲು ನಿಂತಿತು. ಸ್ವಲ್ಪ ಹೊತ್ತಿಗೆ ಮಣಿ ಮನೆ ಹಾರಿಹೋಗುವಂತೆ ಕಿರುಚಿತು. ಮೋಟಾರು ಹಾಕಿದಳು. ತೊಟ್ಟಿಲು ತೂಗಿತು. ಮಣಿ ಸುಮ್ಮನಾಯಿತು, ಹಸಿರು ದೀಪ, ಸಕ್ಕರೆಯ ದನಿ. ಪೆಟ್ಟಿಗೆಯಿಂದ ಇನ್ನೊಂದು ಮಣಿ ತೆಗೆದಳು. ಅದು ಸರಿ ಇತ್ತು, ತೂಗುವಾಗಲೂ ಕಿರುಚಿತು. ಮೂರನೆಯದು ಮತ್ತೆ ಕಲ್ಲಿಗೆ ಜೀವ ಕೊಟ್ಟಿತು.

ಎರಡನೇ ಬಾಚಣಿಗೆ ಕಚ್ಚಿಕೊಂಡಿದೆ. ಅದು ತೂಗನ್ನು ಅಳೆಯುತ್ತಿಲ್ಲ, ಹಾಗಾಗಿ ಲೆಕ್ಕದಿಂದ ಏನೂ ಕಳೆಯುತ್ತಿಲ್ಲ. ಜೋಲಿಯ ತೂಗೇ ಉಸಿರಾಗಿ ಲೆಕ್ಕ ಹೋಗುತ್ತಿದೆ. ಜೋಲಿ ತೂಗುತ್ತಿರುವವರೆಗೆ ಒಳಗಿರುವುದು ಕೂಸೋ, ಕಲ್ಲೋ, ಹೆಣವೋ, ಮಣಿಗೆ ಎಲ್ಲವೂ ಆರಾಮ.

ಆಕೆ ಸುವರ್ಣಾಳ ಮಡಿಲಿನಲ್ಲಿದ್ದ ಕೂಸಿನ ಎದೆಯಿಂದ ಮಣಿ ಕಿತ್ತಳು.

“ಏ ಗಂಗಾ!” ಎಂದು ಅವ್ವ ಗದರಿದಳು. “ಹೆಸರ ಕರಿಯೋ ಹೊತ್ತಿನಾಗ ಎಂಥಾ ಮಾರಿ ಮಾಡ್ಕೊಂಡಿ? ಮಂದಿ ಏನಂದಾರು?”

“ಮಂದಿ ಅಲ್ಲೇ ಇರಲಿ, ಯವ್ವಾ. ಸುವರ್ಣಾ, ಇವತ್ತಿನಿಂದ ಮಣಿ ಇಲ್ಲ. ಮಲಗಿದಾಗ ಎದಿ ಮ್ಯಾಲೆ ಕೈ ಇಟ್ಟು ನೋಡ್ಕೋಬೇಕು.”

ಸುವರ್ಣಾ ಅವಳನ್ನು ಪಿಳಿಪಿಳಿ ನೋಡಿದಳು. “ಕೈ ಇಟ್ರ ಏನು ತಿಳೀತೈತ್ರೀ, ಅಕ್ಕಾರ?”

ಆ ಮಾತಿಗೆ ನೀಲಗಂಗಾಳ ಸಿಟ್ಟು ಇದ್ದಲ್ಲೇ ಕಲ್ಲಾಯಿತು. ಬೇರೆ ಯಾರೂ ಅಲ್ಲ, ತಾನು. ತನ್ನ ಮಣಿಯೇ ಈ ಹುಡುಗಿಯ ಕೈಯಿಂದ ಆ ತಿಳಿವಳಿಕೆ ಕಸಿದುಕೊಂಡದ್ದು. ಸುವರ್ಣಾಳ ಅಂಗೈ ಹಿಡಿದು ಕೂಸಿನ ಎದೆಯ ಮೇಲೆ ಒತ್ತಿದಳು. “ಇದು. ಏರತೈತಿ, ಇಳೀತೈತಿ. ತಿಳೀತ?” ಸುವರ್ಣಾ ಹೆದರಿ ತಲೆಯಾಡಿಸಿದಳು. ಕೂಸಿನ ಕಿವಿಯಲ್ಲಿ ಚೆನ್ನಮಲ್ಲ ಎಂಬ ಹೆಸರನ್ನು ಬೈಗುಳದಂತೆ ಒದರಿ, ಗುಂಡುಕಲ್ಲನ್ನು ಅಂಗಿ ಕುಂಚಿಗೆ ಸಮೇತ ಬಗಲಿಗೆ ಹಾಕಿಕೊಂಡು ಆಕೆ ಧಾರವಾಡದ ಬಸ್ಸು ಹತ್ತಿದಳು. ಕಂಡಕ್ಟರ್ ಕೂಸಿಗೆ ಸೀಟು ಬಿಡಿಸಿಕೊಟ್ಟ.

ಸಂಸ್ಥೆಗೆ ಬಂದವಳು ಮೊದಲು ಆ ಮಣಿಯ ಮುಚ್ಚಳ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಎರಡನೇ ಬಾಚಣಿಗೆಯ ಹಲ್ಲುಗಳ ನಡುವೆ, ಅಣಕಿಸುವಂತೆ ಹೊಳೆಯುತ್ತ, ಗುಲಾಬಿ ಬಣ್ಣದ ಒಂದು ಚೂರು. ದೊಡ್ಡದು ಮಾಡಿ ನೋಡಿದಾಗ ಅದು ಪರದೆಯ ಮೇಲೆ ಹಾಸುಗಲ್ಲಿನಷ್ಟಾಯಿತು.

ಅಕ್ಕಿವಳ್ಳಿಯವರು ತಮ್ಮ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದರು. ಇವತ್ತು ಸನ್ಮಾನ ಅವರಿಗೇ. ಫಕೀರವ್ವ ಹಾರಗಳ ಬುಟ್ಟಿ ಹಿಡಿದು ಪಕ್ಕದಲ್ಲಿದ್ದಳು. ನೀಲಗಂಗಾ ಗುಂಡುಕಲ್ಲನ್ನು ಅವರ ಮೇಜಿನ ಮೇಲಿಟ್ಟಳು. ಎಂಟು ಕಾಲಿನ ಆನೆ ಕುಳಿತಂತೆ ಮೇಜು ಕಿರುಗುಟ್ಟಿತು.

“ಇದು ಉಸಿರಾಡತೈತ್ರಿ, ಸರ್. ನಿಮ್ಮ ಮಣಿ ಹೇಳತೈತಿ.”

ಕತೆಯೆಲ್ಲ ಕೇಳಿ, ಚಿತ್ರ ನೋಡಿ, ಅಕ್ಕಿವಳ್ಳಿಯವರ ಮುಖ ಒಂದು ಕ್ಷಣ ಬಿಳಚಿತು. ಮರುಕ್ಷಣ ಅವರಿಗೆ ದಾರಿ ಸಿಕ್ಕಿತು.

“ಕುಂಕುಮ ಇರಬೇಕು. ದಸರಾದಾಗ ಯಂತ್ರಕ್ಕ ಖಂಡೇಪೂಜಿ ಮಾಡಿದ ದಿನ ಈ ಫಕೀರವ್ವ ಬಾಗಲಕ್ಕ ಕುಂಕುಮ ಹಚ್ಚಿದ್ಲು. ನಾ ಅವತ್ತೇ ಅಂದಿದ್ದೆ. ಈಕಿನ್ನ ತಗದುಬಿಡೂಣು, ಮುಗೀತು.”

“ಬಾಗಲದ ಹೊರಗ ಹಚ್ಚೇನ್ರೀ ಸಾಹೇಬ್ರ, ನಿಮ್ಮ ಕಣ್ಣೆದುರಿಗೆ!” ಫಕೀರವ್ವ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. “ನಾ ಮುಂಜಾನೆದ್ದು ಹಣಿಗೆ ಹಚ್ಚಿದ ಕುಂಕುಮ ಅಳಿಸಿ ಒಳಗ ಬರತೀನಿ, ಗಂಡ ಇದ್ದೂ. ನಿಮ್ಮ ಮಂತ್ರಿ ಜಾತ್ರಿ ಎತ್ತಿನಂಗ ಸಿಂಗಾರ ಮಾಡ್ಕೊಂಡು ಬಂದ, ಅವಗ ನಕ್ಕೋತ ಬಾಗಲಾ ತಗದ್ರಿ.”

“ಫಕೀರವ್ವ, ನೀ ಹೊರಗ ನಡಿ!”

“ಆಕಿ ಹೋಗಂಗಿಲ್ಲ,” ಎಂದಳು ನೀಲಗಂಗಾ. “ಸರ್, ಈಗಿಂದೀಗ ಆ ಮಣಿ ಎಲ್ಲಾ ವಾಪಸ್ ತರಸ್ರಿ. ಜೋಲಿಯೊಳಗ ಮಣಿ ನಂಬಬ್ಯಾಡ್ರಿ ಅಂತ ಎಲ್ಲಾ ಮನಿಗೆ ಸುದ್ದಿ ಕಳಸ್ರಿ.”

“ಇವತ್ತ? ಪ್ರಶಸ್ತಿ ತಗೊಳ್ಳೋ ದಿನ? ನಿಮಗ ತಲಿ ಸರಿ ಅದ ಏನು?” ಅವರು ದನಿ ತಗ್ಗಿಸಿದರು. “ಒಂದು ಸಮಿತಿ ಮಾಡೂಣು. ಅಧ್ಯಕ್ಷರು ನೀವೇ ಆಗ್ರಿ. ಒಂದು ಕಲ್ಲಿನ ಮಾತು ಕೇಳಿ ಮೂರು ಲಕ್ಷ ಮನಿಗೆ ದಿಗಿಲು ಹುಟ್ಟಸಬೇಕೇನು? ಏನಾಗೇದ ಈಗ? ಎಷ್ಟು ಕೂಸು ಸತ್ತಾವ, ಹೇಳ್ರಿ?”

“ನನಗ ಗೊತ್ತಿಲ್ಲ. ನಿಮಗ ಗೊತ್ತೈತೇನು?”

“ಒಂದೂ ದೂರು ಬಂದಿಲ್ಲ.”

“ಹೆಂಗ ಬರತಾವ್ರೀ ದೂರು?” ನೀಲಗಂಗಾ ಕೂಗಲಿಲ್ಲ. ಆಕೆ ಕೂಗದಿದ್ದದ್ದು ಅವತ್ತೇ ಮೊದಲು, ಇಡೀ ಕಟ್ಟಡ ಕಿವಿ ನಿಮಿರಿಸಿತು. “ಮಣಿ ಆರಾಮ ಐತಿ ಅಂದಮ್ಯಾಲೆ ಮಣಿ ಮ್ಯಾಲೆ ಯಾರು ಸಂಶಯ ತಗೋತಾರ? ತಾಯಿ ಮ್ಯಾಲೆ ತಗೋತಾರ. ಹಾಲು ಹೆಂಗ ಕುಡಿಸಿದಿ, ಹೆಂಗ ಮಲಗಿಸಿದಿ, ಏನು ಮಾಡಿದಿ ಅಂತ ಆಕಿನ್ನ ತಿಂತಾರ. ಯಾವ ಊರಾಗ ಎಷ್ಟು ಮಂದಿ ಹಂಗ ಮೂಲ್ಯಾಗ ಕುಂತು ಅಳಾಕತ್ತಾರೋ ಏನೋ. ನೀವು ಇಲ್ಲಿ ಪೇಟ ಸುತ್ತಿಸ್ಕೊಳ್ಳಾಕತ್ತೀರಿ.”

ಹೊರಗೆ ಮೈಕಿನಲ್ಲಿ ನಿರ್ದೇಶಕರ ಹೆಸರು ಕರೆದರು. ಅಕ್ಕಿವಳ್ಳಿಯವರು ಪೇಟ ಸರಿಮಾಡಿಕೊಂಡು, “ನಾಳೆ ಮಾತಾಡೂಣು” ಎಂದು ಹೊರಟರು.

ನಾಳೆ. ನೀಲಗಂಗಾ ಗೋಡೆಯ ಗಡಿಯಾರ ನೋಡಿದಳು. ಮಧ್ಯಾಹ್ನ. ಎಣ್ಣೆ ಹಚ್ಚಿ, ನೀರೆರೆದು, ಲೋಬಾನದ ಹೊಗೆ ಹಾಕಿ, ಹಾಲು ಕುಡಿಸಿ ನಾಡಿನ ಕೂಸುಗಳನ್ನೆಲ್ಲ ಜೋಲಿಗೆ ಹಾಕುವ ಹೊತ್ತು. ಈಗ ಬೀದರಿನಿಂದ ಚಾಮರಾಜನಗರದವರೆಗೆ ಮೋಟಾರುಗಳು ತೂಗುತ್ತಿವೆ, ಹಸಿರು ದೀಪಗಳು ಹತ್ತಿವೆ.

ಆಕೆ ನಿಯಂತ್ರಣ ಕೊಠಡಿಗೆ ನುಗ್ಗಿದಳು. ನಾಡಿನ ಮಣಿಗಳೆಲ್ಲ ಇಲ್ಲಿಗೆ ಸುದ್ದಿ ಕಳಿಸುತ್ತವೆ, ಇಲ್ಲಿಂದ ಅಪ್ಪಣೆ ಹೋಗುತ್ತದೆ. ಪಾಳಿಯ ಅಧಿಕಾರಿ ಸನದಿ ಸಾಹೇಬರು ನಿವೃತ್ತಿಗೆ ಹತ್ತಿರವಾದ ಮನುಷ್ಯ. ಗೋಡೆಯ ತುಂಬ ಹಸಿರು ಚುಕ್ಕೆಗಳನ್ನು ನೋಡುತ್ತ ಶೇಂಗಾ ತಿನ್ನುತ್ತಿದ್ದರು.

“ಸನದಿಯವರ, ಆ ಪೇಟದ ದಿನದ ಮಣಿ ಇದ್ದಾವಲ್ಲ, ಅಷ್ಟನ್ನೂ ಒಮ್ಮೆಲೇ ಒದರಸಬೇಕು.”

“ಡೈರೆಕ್ಟರ ಸಹಿ ಬೇಕ್ರಿ, ಮೇಡಂ.”

ಆಕೆ ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ಸನದಿಯವರ ಕೈಯ ಶೇಂಗಾ ಕೈಯಲ್ಲೇ ಉಳಿಯಿತು. ಅವರು ಜೇಬಿನಿಂದ ಫೋನು ತೆಗೆದು ಮನೆಗೆ ಹಚ್ಚಿದರು. “ಬೇಗಂ, ಮುನ್ನಾನ್ನ ಜೋಲಿಯಿಂದ ಎತ್ತು. ಈಗ. ಎಚ್ಚರ ಆದ್ರ ಆಗಲಿ, ಎತ್ತು ಅಂದೆ.” ಅತ್ತ ಮೊಮ್ಮಗ ಚೀರುವುದು ಕೇಳಿದ ಮೇಲೆ ಫೋನು ಇಟ್ಟರು, ಕಣ್ಣು ಒರೆಸಿಕೊಂಡರು.

“ಇದು ಒತ್ತಿದ್ರ ನಾಡಿನ ಬೈಗುಳ ಎಲ್ಲಾ ಇಲ್ಲಿಗೇ ಬರತಾವ್ರಿ, ಮೇಡಂ.”

“ಬರಲಿ.”

“ಒಬ್ರ ಕೈಲೆ ತಡಿಯೂದು ಆಗೂದಿಲ್ಲ. ಅರ್ಧಾ ಫೋನು ನನಗ ಕೊಡ್ರಿ,” ಎಂದು ಕೀಲಿ ತಿರುಗಿಸಿದರು. ಗುಂಡಿ ಒತ್ತಿದವಳು ನೀಲಗಂಗಾ.

ಮೂರು ಲಕ್ಷ ಮಣಿಗಳು ಒಟ್ಟಿಗೆ ಒದರಿದವು. ಆ ಸದ್ದಿಗೆ ಕೃಷ್ಣೆಯ ನೀರು ಒಂದು ಗೇಣು ಹಿಂದೆ ಸರಿಯಿತು, ಕಬ್ಬಿನ ಗದ್ದೆಯ ನರಿಗಳು ಮಹಾರಾಷ್ಟ್ರಕ್ಕೆ ಓಡಿದವು, ವಿಧಾನಸಭೆಯಲ್ಲಿ ಮಲಗಿದ್ದವರೂ ಎದ್ದರಂತೆ. ಸಂಸ್ಥೆಯ ಸಭಾಂಗಣದಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬಳ ಮಡಿಲಿನ ಕೂಸಿನ ಎದೆಯ ಮೇಲೆ ಒಂದು ಮಣಿ ಚೀರಿ, ಅಕ್ಕಿವಳ್ಳಿಯವರ ಭಾಷಣ ಅರ್ಧಕ್ಕೆ ತುಂಡಾಯಿತು.

ಆಮೇಲೆ ಫೋನುಗಳು.

“ಯಾರ್ರೀ ನೀವು? ಈಗಷ್ಟ ತೂಗಿ ಮಲಗಿಸಿದ್ದೆ, ಬಾಯಿ ಮುಚ್ಚವಲ್ದು!”

“ಅಳಾಕತ್ತೈತಾ? ಒಳ್ಳೇದು. ಅಳಸ್ರಿ. ಮಣಿ ತಗದು ಒಗೀರಿ.”

“ನಿಮ್ಮ ಕೈ ಸೇದಿ ಹೋಗ! ನಮ್ಮತ್ತಿ ಹೆದರಿ ಬಿದ್ದಾಳ!”

“ಅತ್ತಿ ಏಳತಾಳ. ಕೂಸು ಅಳತೈತಾ? ಅಳತೈತಲ್ಲ, ಸಾಕು.”

ಒಬ್ಬ ವಕೀಲ ಆಕೆಯನ್ನು ಏಳು ಕೋರ್ಟಿಗೆ ಎಳೆಯುತ್ತೇನೆಂದ. ಮಂಡ್ಯದ ಅಜ್ಜಿಯೊಬ್ಬಳು, “ನಿನ್ ಮನೆ ಕಾಯೋಗ, ಮಗ ಬೆಚ್ಚಿ ಬಿದ್ದದೆ ಕಣಮ್ಮಿ, ತಾಯತ ಯಾರು ಕಟ್ಟುಸ್ಕೊಡೋರು?” ಎಂದು ಬೈದಳು. ನೀಲಗಂಗಾಳಿಗೆ ಜೀವಮಾನದಲ್ಲಿ ಇಷ್ಟು ಸಿಹಿಯಾದ ಬೈಗುಳ ಯಾರೂ ಬೈದಿರಲಿಲ್ಲ. ಪ್ರತಿ ಬೈಗುಳದ ಹಿಂದೆ ಒಂದು ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಆಕೆ ಅದನ್ನಷ್ಟೇ ಕೇಳಿಸಿಕೊಳ್ಳುತ್ತಿದ್ದಳು.

ಬಾಗಿಲು ಬಡಿದು ಅಕ್ಕಿವಳ್ಳಿಯವರು ಬಂದರು, ಪೇಟ ಓರೆಯಾಗಿತ್ತು, ಶಾಲು ಒಂದು ಹೆಗಲಿನಲ್ಲಿ. “ಮುಗೀತು! ನಿಮ್ಮ ಕೆಲಸ ಮುಗೀತು! ಪೊಲೀಸರನ್ನ ಕರಸ್ತೀನಿ! ಸನದಿ, ನಿಮ್ಮ ಪೆನ್ಷನ್...”

ನೀಲಗಂಗಾ ಕೈಯೆತ್ತಿ ಸುಮ್ಮನಿರಿಸಿದಳು. ಆಕೆಯ ಕಿವಿಯಲ್ಲಿದ್ದ ಫೋನಿನಲ್ಲಿ ಬೈಗುಳ ಇರಲಿಲ್ಲ. ಯಾರೋ ಏದುಸಿರು ಬಿಡುತ್ತಿದ್ದರು.

“ಹೇಳವಾ,” ಎಂದಳು. “ಯಾವ ಊರು?”

“ಅಣ್ಣಿಗೇರಿ... ಅಕ್ಕಾರ, ಮಣಿ ಹಸರ ತೋರಸಾಕತ್ತಿತ್ರೀ. ಒದರಿತು ಅಂತ ಎತ್ತಿದೆ... ತುಟಿ ನೀಲಿ ಆಗ್ಯಾವ್ರೀ, ಮಿಸುಕವಲ್ದು...”

“ಬೋರಲ ಹಾಕ್ಕೋ! ತಲಿ ಕೆಳಗ, ಮುಂಗೈ ಮ್ಯಾಲೆ! ಬೆನ್ನಿಗೆ ಬಡಿ! ಬಡಿಯವಾ, ಅಂಜಬ್ಯಾಡ! ಬಾಯಾಗ ಬೆರಳು ಹಾಕಬ್ಯಾಡ, ಬಡಿ!”

ಅತ್ತ ಬಡಿತದ ಸದ್ದು. ಮತ್ತೆ ಬಡಿತ. ಕೊಠಡಿಯಲ್ಲಿ ರಿಂಗಾಗುತ್ತಿದ್ದ ಫೋನುಗಳನ್ನು ಸನದಿಯವರು ಎತ್ತಲಿಲ್ಲ. ಮತ್ತೆ ಬಡಿತ. ಒಂದು ಗೊರಗೊರ. ಹಾಲು ಕಕ್ಕಿದ ಸದ್ದು. ಆಮೇಲೆ, ಹರಿದ ಬಟ್ಟೆಯಂಥ ದನಿಯಲ್ಲಿ, ಅಳು.

ನೀಲಗಂಗಾ ಫೋನನ್ನು ಅಕ್ಕಿವಳ್ಳಿಯವರ ಕಿವಿಗೆ ಒತ್ತಿದಳು. ಪೇಟ ಅಡ್ಡ ಬಂತು. ಅದನ್ನು ಕಿತ್ತು ನೆಲಕ್ಕೆ ಒಗೆದು ಮತ್ತೆ ಒತ್ತಿದಳು.

“ಕೇಳ್ರಿ, ಸರ್.”

ಅವರು ಕೇಳಿದರು. ಮುಖ ತಿರುಗಿಸಲು ನೋಡಿದರು, ಆಕೆ ಬಿಡಲಿಲ್ಲ. ತಾಯಿ ಈಗ ಮಾತೇ ಇಲ್ಲದೆ ಅಳುತ್ತಿದ್ದಳು, ಕೂಸೂ ಅಳುತ್ತಿತ್ತು, ಎರಡೂ ಅಳು ಒಂದರಮೇಲೊಂದು ಬಿದ್ದು ಬರುತ್ತಿದ್ದವು.

“ಈಕಿ ಕೂಸು ಎತ್ತಿದಾಕಿ,” ಎಂದಳು ನೀಲಗಂಗಾ. “ನಿನ್ನೆ ಎತ್ತದೇ ಇದ್ದಾಕಿನ್ನ ಎಲ್ಲಿ ಹುಡುಕೂಣು? ಮೊನ್ನೆ? ಹೋದ ತಿಂಗಳು?”

ಪಕ್ಕದ ಮೇಜಿನಲ್ಲಿ ಇನ್ನೊಂದು ಫೋನು ಒದರುತ್ತಿತ್ತು. ನೀಲಗಂಗಾ ಅದನ್ನು ಎತ್ತಿ ಅಕ್ಕಿವಳ್ಳಿಯವರ ಇನ್ನೊಂದು ಕಿವಿಗೆ ಹಿಡಿದಳು.